ಮಳೆ ಬಂದ ಮರುದಿನದ ಓಟ: ನಮ್ಮ ಬೇಸಿಗೆಯಲ್ಲಿ ಬೆಳಗಿನ ರೂಢಿ ತಪ್ಪದಿರಲು ಏನು ಮಾಡಬೇಕು

ಏಪ್ರಿಲ್ ಕೊನೆಯಿಂದ ಜೂನ್ ಮುಗಿಯುವವರೆಗೆ ಬಳ್ಳಾರಿ, ರಾಯಚೂರು, ಕೊಪ್ಪಳದ ಓಟಗಾರರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮಾರ್ಚ್‌ನಲ್ಲಿ ಐದು ಕಿಲೋಮೀಟರ್ ಆರಾಮಾಗಿ ಓಡುತ್ತಿದ್ದೆ. ಈಗ ರಾತ್ರಿ ಮಳೆ ಬಂದು ಬೆಳಗ್ಗೆ ತಂಪಾಗಿದ್ದರೂ ಎರಡು ಕಿಲೋಮೀಟರಿಗೇ ಏದುಸಿರು ಬರುತ್ತದೆ, ಯಾಕೆ?"

ನಿಮ್ಮ ದಮ್ಮು ಕಡಿಮೆಯಾಗಿಲ್ಲ, ಗಾಳಿ ಬದಲಾಗಿದೆ. ನಮ್ಮ ಭಾಗದ ಬೇಸಿಗೆ ಒಣ ಬೇಸಿಗೆ. ಮಧ್ಯಾಹ್ನ 40 ಡಿಗ್ರಿ ದಾಟಿದರೂ ಬೆವರು ಬಂದಷ್ಟೇ ಬೇಗ ಆರುತ್ತದೆ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಅಶ್ವಿನಿ, ಭರಣಿ ಮಳೆ ಶುರುವಾದ ಮೇಲೆ ಗಾಳಿಯಲ್ಲಿ ತೇವ ತುಂಬಿಕೊಳ್ಳುತ್ತದೆ. ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಮಳೆಗಾಲದಲ್ಲಿ ಮಣ್ಣಿನ ಗಡಿಗೆಯ ನೀರು ಮೊದಲಿನಷ್ಟು ತಣ್ಣಗಾಗುವುದಿಲ್ಲವಲ್ಲ, ಕಾರಣ ಅದೇ. ಮೇಲಾಗಿ ದಿನದಲ್ಲಿ ತೇವಾಂಶ ಅತಿ ಹೆಚ್ಚಿರುವ ಹೊತ್ತು ನಸುಕು. ಹಾಗಾಗಿ ಮಳೆ ಬಂದ ಮರುದಿನದ ಬೆಳಗು ಚರ್ಮಕ್ಕೆ ಹಿತ, ಓಡುವವರಿಗೆ ಮೋಸ.

ಓಟದ ಗುರಿಯನ್ನು ಕಿಲೋಮೀಟರ್ ಲೆಕ್ಕದಿಂದ ಬಿಡಿಸಿ ನಿಮಿಷದ ಲೆಕ್ಕಕ್ಕೆ ತಂದರೆ ಈ ಎರಡು ತಿಂಗಳು ರೂಢಿ ಉಳಿಯುತ್ತದೆ. ವೇಗದ ಹಟ ಹಿಡಿದವರು ಮೇ ಕೊನೆಗೆ ಓಟವನ್ನೇ ಬಿಟ್ಟಿರುತ್ತಾರೆ.

ಬೇಕಾಗುವ ಸಾಮಾನು

ಎರಡು ಜೊತೆ ಶೂ (ಒಂದು ಹಳೆಯದಾದರೂ ನಡೆಯುತ್ತದೆ), ಪಾಲಿಯೆಸ್ಟರ್ ಅಥವಾ ಡ್ರೈ-ಫಿಟ್ ಬನಿಯನ್ ಎರಡು, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್, ಅರ್ಧ ಲೀಟರ್ ಬಾಟಲಿ, ಓಆರ್‌ಎಸ್ ಪುಡಿ, ಚಿಕ್ಕ ಟಾರ್ಚ್, ಹಳೆಯ ದಿನಪತ್ರಿಕೆಗಳು. ಫೋನಿನಲ್ಲಿ ಎರಡು ಆ್ಯಪ್ ಇರಲಿ. ಹವಾಮಾನ ಇಲಾಖೆಯ 'ಮೌಸಮ್' ಒಂದು. ಇನ್ನೊಂದು ಸಿಡಿಲಿನ ಎಚ್ಚರಿಕೆಗೆ 'ದಾಮಿನಿ', ಇದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯದು. ಸ್ಮಾರ್ಟ್ ವಾಚ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಏನೂ ನಿಲ್ಲುವುದಿಲ್ಲ.

1. ಹಿಂದಿನ ರಾತ್ರಿಯೇ ತೀರ್ಮಾನಿಸಿ

ಬೆಳಗ್ಗೆ ಐದಕ್ಕೆ ಕಣ್ಣುಜ್ಜಿಕೊಳ್ಳುತ್ತ "ಹೋಗಲೋ ಬೇಡವೋ" ಎಂದು ಯೋಚಿಸಿದರೆ ಉತ್ತರ ಯಾವಾಗಲೂ "ಬೇಡ". ಮಲಗುವ ಮುಂಚೆ ಮೂರು ಸಂಗತಿ ನೋಡಿಕೊಳ್ಳಿ.

ಮೊದಲನೆಯದು ಇಬ್ಬನಿ ಬಿಂದು, ಆ್ಯಪ್‌ಗಳಲ್ಲಿ ಡ್ಯೂ ಪಾಯಿಂಟ್ ಎಂದಿರುತ್ತದೆ. ಗಾಳಿಯನ್ನು ಎಷ್ಟು ಡಿಗ್ರಿಗೆ ಇಳಿಸಿದರೆ ಅದರೊಳಗಿನ ತೇವ ನೀರಾಗಿ ಕೂರುತ್ತದೋ ಆ ಅಂಕಿ ಅದು. ಶೇಕಡಾವಾರು ತೇವಾಂಶ ಒಂದನ್ನೇ ನೋಡಿದರೆ ದಾರಿ ತಪ್ಪುತ್ತೀರಿ. ಅದು ಉಷ್ಣಾಂಶದ ಜೊತೆ ಏರಿಳಿಯುತ್ತದೆ, ಇಬ್ಬನಿ ಬಿಂದು ಗಾಳಿಯಲ್ಲಿ ನಿಜವಾಗಿ ಎಷ್ಟು ನೀರಿದೆ ಎಂದು ಹೇಳುತ್ತದೆ. ನಿಮ್ಮ ಆ್ಯಪ್ ಅದನ್ನು ತೋರಿಸದಿದ್ದರೆ ಬಾಯಿಲೆಕ್ಕ ಹಾಕಿ. ನೂರರಿಂದ ತೇವಾಂಶ ಕಳೆಯಿರಿ, ಉಳಿದದ್ದನ್ನು ಐದರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯಿರಿ. ಉದಾಹರಣೆಗೆ 26 ಡಿಗ್ರಿ, ತೇವಾಂಶ ಶೇ 85: ಹದಿನೈದನ್ನು ಐದರಿಂದ ಭಾಗಿಸಿದರೆ ಮೂರು, ಆದ್ದರಿಂದ ಇಬ್ಬನಿ ಬಿಂದು ಸುಮಾರು 23. ತೇವಾಂಶ ಶೇ 50ಕ್ಕಿಂತ ಮೇಲಿದ್ದಾಗ ಈ ಲೆಕ್ಕ ಸಾಕಷ್ಟು ಹತ್ತಿರ ಬರುತ್ತದೆ.

ಶೇ 40 ತೇವಾಂಶದ 30 ಡಿಗ್ರಿ ಬೆಳಗಿನಲ್ಲಿ ಇಬ್ಬನಿ ಬಿಂದು 15ರ ಆಸುಪಾಸು. ಶೇ 90 ತೇವಾಂಶದ 25 ಡಿಗ್ರಿ ಬೆಳಗಿನಲ್ಲಿ 23. ತಂಪೆನಿಸುವ ಎರಡನೇ ಬೆಳಗೇ ಓಡಲು ಕಷ್ಟ.

ಎರಡನೆಯದು ಹವಾಮಾನ ಇಲಾಖೆಯ ಬಣ್ಣ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಹಳದಿ ಇದ್ದರೆ ಮನೆ ಹತ್ತಿರದ ದಾರಿ, ಕಿತ್ತಳೆ ಮತ್ತು ಕೆಂಪಿಗೆ ಮನೆಯೊಳಗಿನ ಕಸರತ್ತು. ಈ ಹಂಗಾಮಿನ ಗುಡುಗು ಮಳೆ ನಮ್ಮಲ್ಲಿ ಹೆಚ್ಚಾಗಿ ಮಧ್ಯಾಹ್ನ ಇಳಿದ ಮೇಲೆ, ಸಂಜೆ, ರಾತ್ರಿ ಬರುತ್ತದೆ. ಬೆಳಗಿನ ಓಟಕ್ಕೆ ಇದೇ ದೊಡ್ಡ ಅನುಕೂಲ. ಸಂಜೆಗೆ ಓಟ ಬದಲಾಯಿಸಿಕೊಳ್ಳುವ ಯೋಚನೆ ಇದ್ದರೆ ಮಳೆ ನಕ್ಷತ್ರಗಳು ಮುಗಿಯುವವರೆಗೆ ತಡೆಯಿರಿ.

ಮೂರನೆಯದು ನಿದ್ದೆ. ಗಾಳಿ ಎದ್ದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಫ್ಯಾನಿಲ್ಲ, ಫ್ಯಾನಿಲ್ಲದೆ ಮೇ ತಿಂಗಳಲ್ಲಿ ಯಾರಿಗೂ ನಿದ್ದೆಯಿಲ್ಲ. ಐದು ತಾಸಿಗಿಂತ ಕಡಿಮೆ ಮಲಗಿದ್ದರೆ ಮರುದಿನ ಓಟ ಬೇಡ, ಅರ್ಧ ತಾಸು ನಡಿಗೆ ಸಾಕು.

2. ಸಿಡಿಲಿನ ವಿಷಯದಲ್ಲಿ ರಿಯಾಯಿತಿ ಇಲ್ಲ

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಮುಂದಿನದು ನಿಮ್ಮ ನೆತ್ತಿಯ ಮೇಲೂ ಬೀಳಬಹುದು. ಕೂಡಲೇ ಪಕ್ಕಾ ಕಟ್ಟಡದೊಳಗೆ ಅಥವಾ ಕಿಟಕಿ ಮುಚ್ಚಿದ ಕಾರು, ಬಸ್ಸಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಬರಬೇಡಿ. ಮಳೆ ನಿಂತಿತು ಎಂದು ಐದೇ ನಿಮಿಷಕ್ಕೆ ಹೊರಡುವುದು ಸಾಮಾನ್ಯವಾಗಿ ಆಗುವ ತಪ್ಪು.

ಆಸರೆ ಅಲ್ಲದವು: ಬೇವಿನ ಮರ, ಹೊಲದ ತಗಡಿನ ಶೆಡ್ಡು, ಮೂರೇ ಗೋಡೆಯ ಬಸ್ ತಂಗುದಾಣ, ಟ್ರ್ಯಾಕ್ಟರ್, ಕಾಲುವೆ ತೂಬಿನ ಕಬ್ಬಿಣದ ಕಟಾಂಜನ, ಕ್ರೀಡಾಂಗಣದ ಗ್ಯಾಲರಿ. ನಮ್ಮ ಮೂರೂ ಊರಲ್ಲಿ ಗುಡ್ಡ, ಕೋಟೆ ಹತ್ತಿ ಇಳಿಯುವ ಅಭ್ಯಾಸ ಇದ್ದವರಿಗೆ ಇನ್ನೊಂದು ಮಾತು. ಬಳ್ಳಾರಿ ಗುಡ್ಡವಿರಲಿ, ಕೊಪ್ಪಳ ಕೋಟೆಯಿರಲಿ, ಅಂಜನಾದ್ರಿಯ ಮೆಟ್ಟಿಲಿರಲಿ, ಸುತ್ತಲಿನ ಬಯಲಿಗೆ ಎತ್ತರದ ಜಾಗ ಅದೊಂದೇ. ಮೋಡ ಕಟ್ಟಿದ ಬೆಳಗ್ಗೆ ಅಲ್ಲಿಗೆ ಹೋಗಬೇಡಿ. ಹಸಿ ಬಂಡೆಯ ಮೇಲೆ ಶೂ ಜಾರುವುದು ಬೇರೆ.

ದಾಮಿನಿ ಆ್ಯಪ್ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ವೃತ್ತದಲ್ಲಿ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ಶೂ ಲೇಸು ಕಟ್ಟುವ ಮುಂಚೆ ಒಮ್ಮೆ ತೆರೆದು ನೋಡಿ. ಗುಡುಗು, ಬಿರುಗಾಳಿ ಎರಡೂ ಇಲ್ಲದ ಬರೀ ಜಿಟಿಜಿಟಿ ಮಳೆಯಾದರೆ ಮಾತ್ರ ಧಾರಾಳವಾಗಿ ಓಡಿ. ಈ ಹಂಗಾಮಿನಲ್ಲಿ ಅದಕ್ಕಿಂತ ಒಳ್ಳೆಯ ಬೆಳಗು ಸಿಗುವುದಿಲ್ಲ.

3. ಹೊತ್ತು ಮತ್ತು ದಾರಿ

ಮೇ ನಡುವಿನಿಂದ ಜೂನ್‌ವರೆಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು 5:50ರ ಸುಮಾರಿಗೆ, 5:30ಕ್ಕೇ ದಾರಿ ಕಾಣುತ್ತದೆ. 5:20ಕ್ಕೆ ನಡಿಗೆ ಶುರು, 5:30ಕ್ಕೆ ಓಟ, 6:15ಕ್ಕೆ ಮನೆ. ಏಳರ ನಂತರ ತೇವದ ಜೊತೆ ಬಿಸಿಲೂ ಸೇರಿಕೊಳ್ಳುತ್ತದೆ. ಆಗ ಎರಡು ಕಡೆಯಿಂದಲೂ ಪೆಟ್ಟು.

ಐದು ಕಿಲೋಮೀಟರ್ ಹೋಗಿ ಐದು ಕಿಲೋಮೀಟರ್ ಬರುವ ದಾರಿ ಈಗ ಬೇಡ. ಮನೆ ಅಥವಾ ಕ್ರೀಡಾಂಗಣದ ಸುತ್ತ ಒಂದು, ಒಂದೂವರೆ ಕಿಲೋಮೀಟರಿನ ಸುತ್ತು ಹಾಕಿಕೊಳ್ಳಿ. ಮೋಡ ಕವಿದರೆ ಹತ್ತು ನಿಮಿಷದಲ್ಲಿ ಸೂರಿನಡಿ ಇರುತ್ತೀರಿ, ಪ್ರತಿ ಸುತ್ತಿಗೂ ನೀರಿನ ಬಾಟಲಿ ಸಿಗುತ್ತದೆ, ತಲೆ ಸುತ್ತಿದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತೀರಿ.

ಎರೆ ಮಣ್ಣಿನ ಹಾದಿ, ಅದರಲ್ಲೂ ತುಂಗಭದ್ರಾ ಕಾಲುವೆ ದಂಡೆ, ಮಳೆ ಬಂದ ಮೇಲೆ ಒಂದೆರಡು ದಿನ ಬಿಟ್ಟುಬಿಡಿ. ಹತ್ತು ಹೆಜ್ಜೆಗೆ ಶೂ ತಳಕ್ಕೆ ಎರಡು ಬೆರಳು ದಪ್ಪ ಮಣ್ಣು ಮೆತ್ತಿಕೊಳ್ಳುತ್ತದೆ, ಹೆಜ್ಜೆ ಭಾರವಾಗಿ ಪಾದ ಓರೆಯಾಗಿ ಬೀಳುತ್ತದೆ, ಹರಡು ಉಳುಕುತ್ತದೆ. ಮಸಬು ಅಥವಾ ಗರಸು ಹಾಕಿದ ದಾರಿ ಬೇಗ ಬಸಿಯುತ್ತದೆ, ಅದನ್ನು ಆರಿಸಿಕೊಳ್ಳಿ. ದಂಡೆಯ ಹುಲ್ಲಿನಲ್ಲಿ ಮಳೆಗೆ ಹಾವು, ಚೇಳು ಹೊರಬಂದಿರುತ್ತವೆ. ಬೆಳಕು ಹರಿಯುವ ಮುಂಚೆ ಟಾರ್ಚ್ ಇಲ್ಲದೆ ಅತ್ತ ಕಾಲಿಡಬೇಡಿ. ಗಂಗಾವತಿ, ಸಿಂಧನೂರು ಕಡೆಯವರು ಭತ್ತದ ಹುಲ್ಲು ಸುಡುವ ದಿನಗಳಲ್ಲಿ ಗದ್ದೆ ಬದಿ ಬಿಟ್ಟು ಊರೊಳಗೆ ಓಡಿ. ತೇವದ ಗಾಳಿಯಲ್ಲಿ ಹೊಗೆ ನೆಲ ಹಿಡಿದು ಕೂತಿರುತ್ತದೆ. ಅದಿರಿನ ಲಾರಿ ಓಡಾಡುವ ರಸ್ತೆಗಳ ಮಾತು ಬೇರೆ ಹೇಳಬೇಕಿಲ್ಲ.

ಬಿರುಗಾಳಿ ಬಂದ ಮರುದಿನ ಮೊದಲ ಸುತ್ತನ್ನು ಓಡದೆ ನಡೆದು ನೋಡಿ. ಜೋತುಬಿದ್ದ ವೈರು, ಮುರಿದ ಕೊಂಬೆ, ಸಡಿಲಾದ ಫ್ಲೆಕ್ಸ್ ಚೌಕಟ್ಟು, ನೀರು ನಿಂತು ಕಾಣದಂತಾದ ಗುಂಡಿ ಎಲ್ಲವೂ ಆಗ ಗೊತ್ತಾಗುತ್ತವೆ. ವೈರು ಬಿದ್ದಿದ್ದರೆ ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಿ, 1912ಕ್ಕೆ ಕರೆ ಮಾಡಿ ತಿಳಿಸಿ. ವಿದ್ಯುತ್ ಕಂಬದ ಬುಡದಲ್ಲಿ ನಿಂತ ನೀರನ್ನು ತುಳಿಯಬೇಡಿ. ಇಯರ್‌ಫೋನ್ ಮನೆಯಲ್ಲೇ ಇರಲಿ, ಗುಡುಗೂ ನಾಯಿಯೂ ಕಿವಿಗೆ ಬೀಳಬೇಕು.

4. ವೇಗ ಇಳಿಸುವ ಲೆಕ್ಕ

ಒಂದು ಕಿಲೋಮೀಟರಿಗೆ ಆರರಿಂದ ಏಳು ನಿಮಿಷ ತೆಗೆದುಕೊಳ್ಳುವವರಿಗೆ ಅಂದಾಜು ಹೀಗಿದೆ:

- ಇಬ್ಬನಿ ಬಿಂದು 16ಕ್ಕಿಂತ ಕೆಳಗೆ: ಎಂದಿನಂತೆ ಓಡಿ.
- 16ರಿಂದ 20: ಕಿಲೋಮೀಟರಿಗೆ 10–15 ಸೆಕೆಂಡ್ ನಿಧಾನ.
- 21ರಿಂದ 23: 20–40 ಸೆಕೆಂಡ್ ನಿಧಾನ, ಸ್ಪೀಡ್ ವರ್ಕ್ (ವೇಗ ಹೆಚ್ಚಿಸಲು ಜೋರಾಗಿ ಓಡುವ ಅಭ್ಯಾಸ) ಬೇಡ.
- 24 ಮತ್ತು ಮೇಲೆ: ವೇಗ ಮರೆತುಬಿಡಿ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ.

ಇದಕ್ಕಿಂತ ನಂಬಿಕಸ್ತ ಅಳತೆ ನಿಮ್ಮ ಬಾಯಿ. ಓಡುತ್ತಲೇ ಒಂದು ಪೂರ್ತಿ ವಾಕ್ಯ ತಡವರಿಸದೆ ಹೇಳಲು ಬಂದರೆ ವೇಗ ಸರಿ. ಎರಡೆರಡು ಪದಕ್ಕೆ ಉಸಿರು ಎಳೆದುಕೊಳ್ಳಬೇಕಾದರೆ ನಡೆಯಿರಿ. ವಾಚ್ ಕಟ್ಟುವವರು ಅದೇ ವೇಗಕ್ಕೆ ಎದೆಬಡಿತ ಮಾರ್ಚ್‌ಗಿಂತ 10–15 ಹೆಚ್ಚಿರುವುದನ್ನು ಕಾಣುತ್ತೀರಿ. ಶಾಖ ಹೊರಹಾಕಲು ರಕ್ತದ ಒಂದು ಪಾಲು ಚರ್ಮದ ಕಡೆ ಹರಿಯುತ್ತದೆ, ಕಾಲಿಗೆ ಕೊಡಲು ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ವಾಚ್ ಕೆಟ್ಟಿಲ್ಲ.

ಈ ಹವೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಮೊದಲ ವಾರ ದಿನಕ್ಕೆ 20–25 ನಿಮಿಷ ಮೀರಬೇಡಿ, ಎರಡನೇ ವಾರ 35ಕ್ಕೆ ಹೋಗಿ. ನಡುವೆ ಎರಡು ಮೂರು ವಾರ ಬಿಟ್ಟರೆ ಒಗ್ಗಿದ್ದೆಲ್ಲ ಇಳಿದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ವಾರಕ್ಕೊಂದು ದೊಡ್ಡ ಓಟಕ್ಕಿಂತ ವಾರದಲ್ಲಿ ಐದು ಸಣ್ಣ ಓಟ ಲಾಭ.

ಬೆವರು ಹೆಚ್ಚು ಬರಲಿ, ಹೊಟ್ಟೆ ಕರಗಲಿ ಎಂದು ಜರ್ಕಿನ್ ಹಾಕಿಕೊಂಡೋ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡೋ ಓಡುವವರು ಮೈದಾನದಲ್ಲಿ ಈಗಲೂ ಸಿಗುತ್ತಾರೆ. ಅವರು ಕಳೆದುಕೊಳ್ಳುವುದು ಬರೀ ನೀರು, ಎರಡು ಚೊಂಬು ನೀರು ಕುಡಿದರೆ ತೂಕ ವಾಪಸ್. ಈ ಹವೆಯಲ್ಲಿ ಅದು ಜೀವಕ್ಕೆ ಅಪಾಯ.

5. ಕೂಡಲೇ ನಿಲ್ಲಬೇಕಾದ ಲಕ್ಷಣ

ತಲೆಸುತ್ತು, ವಾಕರಿಕೆ, ತಲೆನೋವು, ಮೀನಖಂಡ ಹಿಡಿದುಕೊಳ್ಳುವುದು, ಬಿಸಿಯಲ್ಲೂ ಮೈ ಜುಮ್ಮೆಂದು ಚಳಿಯಾಗುವುದು: ನಿಲ್ಲಿ, ನೆರಳಿಗೆ ಬನ್ನಿ, ತಲೆ ಕುತ್ತಿಗೆಗೆ ನೀರು ಹಾಕಿಕೊಳ್ಳಿ, ಓಆರ್‌ಎಸ್ ಕುಡಿಯಿರಿ.

ಜೊತೆಗಿದ್ದವರು ತೊದಲಿದರೆ, ಅಡ್ಡಾದಿಡ್ಡಿ ಹೆಜ್ಜೆ ಹಾಕಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಅದು ಶಾಖಾಘಾತ, ಅಂದರೆ ಹೀಟ್ ಸ್ಟ್ರೋಕ್. ಮೈಯೊಳಗಿನ ಉಷ್ಣ 40 ಡಿಗ್ರಿ ಮುಟ್ಟಿದೆ ಎಂದು ಅರ್ಥ. ಬೆವರು ಬರುತ್ತಿದೆ, ಆದ್ದರಿಂದ ಹೀಟ್ ಸ್ಟ್ರೋಕ್ ಅಲ್ಲ ಎಂದುಕೊಳ್ಳಬೇಡಿ. ಓಡುವವರಲ್ಲಿ ಬೆವರು ಸುರಿಯುತ್ತಲೇ ಆಗುತ್ತದೆ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರದೆ ಬಟ್ಟೆ ಸಡಿಲಿಸಿ ಮೈ ತುಂಬ ತಣ್ಣೀರು ಸುರಿಯುತ್ತ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ.

ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಬೇಸಿಗೆಯ ಓಟದ ಬಗ್ಗೆ ಮೊದಲೇ ವೈದ್ಯರನ್ನು ಕೇಳಿ. ಜ್ವರ, ಭೇದಿ ಇದ್ದಾಗ ಯಾರೂ ಓಡಬಾರದು.

6. ನೀರು, ಉಪ್ಪು

ಎದ್ದ ಕೂಡಲೇ 300 ಮಿಲಿ ನೀರು. 45 ನಿಮಿಷದೊಳಗಿನ ಓಟಕ್ಕೆ ನಡುವೆ ಒಂದೆರಡು ಗುಟುಕು ಸಾಕು. ಎಷ್ಟು ಬೆವರುತ್ತೀರಿ ಎಂಬುದನ್ನು ಒಂದು ದಿನ ತೂಗಿ ನೋಡಿ. ಓಟಕ್ಕೆ ಮುಂಚೆ ಒಳ ಉಡುಪಿನಲ್ಲಿ ತೂಕ ನೋಡಿ, ಬಂದ ಮೇಲೆ ಮೈ ಒರೆಸಿಕೊಂಡು ಮತ್ತೆ ನೋಡಿ. ಮುಂಚೆ 64.0 ಕೆ.ಜಿ., ಆಮೇಲೆ 63.2, ನಡುವೆ ಕುಡಿದದ್ದು 200 ಮಿಲಿ. ಕಳೆದ 800 ಗ್ರಾಂಗೆ ಆ 200 ಸೇರಿಸಿದರೆ ಬೆವರು ಒಂದು ಲೀಟರ್. ಮುಂದಿನ ಎರಡು ಮೂರು ತಾಸಿನಲ್ಲಿ ಇಳಿದ ತೂಕದ ಒಂದೂವರೆ ಪಟ್ಟಿನವರೆಗೆ, ಅಂದರೆ ಇಲ್ಲಿ ಸುಮಾರು 1.2 ಲೀಟರ್, ಸ್ವಲ್ಪ ಸ್ವಲ್ಪವೇ ಕುಡಿಯಿರಿ. ತೂಕ ಇಳಿಯುವ ಬದಲು ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿದಿದ್ದೀರಿ. ಬರೀ ನೀರು ಅತಿಯಾದರೆ ರಕ್ತದ ಸೋಡಿಯಂ ತಿಳಿಯಾಗಿ ಅದೂ ಅಪಾಯಕಾರಿ.

ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡ ಪೊಟ್ಟಣವನ್ನು ಲೋಟಕ್ಕೆ ಸುರಿದು ಕುಡಿಯುವುದು ತಪ್ಪು, ಹೊಟ್ಟೆ ಕೆಡುತ್ತದೆ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಟೀ ಚಮಚ, ಅದೂ ಗೀಟಿ ಸಮ ಮಾಡಿದ್ದು. ಒಂದು ತಾಸಿನೊಳಗಿನ ಓಟಕ್ಕೆ ಇದೂ ಬೇಕಿಲ್ಲ. ಉಪ್ಪು ಹಾಕಿದ ನೀರು ಮಜ್ಜಿಗೆ ಅಥವಾ ಜೋಳದ ಅಂಬಲಿ ಕುಡಿದು, ಮೇಲೆ ತಿಂಡಿ ತಿಂದರೆ ಉಪ್ಪಿನ ಲೆಕ್ಕ ಸರಿಹೋಗುತ್ತದೆ. ಒಗ್ಗರಣಿ-ಮಿರ್ಚಿ ತಿನ್ನುವುದಾದರೆ ಮೈ ಆರಿದ ಮೇಲೆ ತಿನ್ನಿ. ಓಡಿ ಬಂದ ತಕ್ಷಣ ಎಣ್ಣೆ ಪದಾರ್ಥ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

7. ಬಟ್ಟೆ, ಚರ್ಮ, ಶೂ

ಹತ್ತಿ ಬನಿಯನ್ ಬೆವರು ಹೀರಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ತೊಡೆಸಂದಿ, ಕಂಕುಳು, ಮೊಲೆತೊಟ್ಟು ಉಜ್ಜಿ ಕೆಂಪಾಗುವ ಜಾಗಕ್ಕೆ ಹೊರಡುವ ಮುಂಚೆ ಎಣ್ಣೆ ಅಥವಾ ವ್ಯಾಸಲೀನ್ ಸವರಿಕೊಳ್ಳಿ. ಬಂದ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತು ಚಹಾ ಕುಡಿಯುತ್ತ ಹರಟಬೇಡಿ. ಸಂದಿಗಳಲ್ಲಿ ಹುಳುಕಡ್ಡಿ ಏಳುವುದು ಅಲ್ಲಿಂದಲೇ. ಎದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ನಾಲ್ಕು ದಿನ ತುರಿಕೆ ನಿಲ್ಲುತ್ತದೆ, ಬಿಟ್ಟ ಮೇಲೆ ಎರಡು ಪಟ್ಟು ಹರಡುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ.

ಒದ್ದೆಯಾದ ಶೂನ ಲೇಸು ಸಡಿಲಿಸಿ, ಒಳಗಿನ ಮೆತ್ತೆ (ಇನ್‌ಸೋಲ್) ಹೊರತೆಗೆಯಿರಿ. ದಿನಪತ್ರಿಕೆ ಮುದುಡಿ ತುದಿಯವರೆಗೆ ತುರುಕಿ. ಒಂದು ತಾಸಿಗೆ ಅದು ತೊಯ್ದಿರುತ್ತದೆ, ತೆಗೆದು ಹೊಸದು ಹಾಕಿ. ಆಮೇಲೆ ಫ್ಯಾನಿನ ಕೆಳಗೆ ಮಗ್ಗುಲಾಗಿ ಇಡಿ. ನಮ್ಮ ಮೇ ಬಿಸಿಲಿಗೆ ಇಟ್ಟರೆ ತಳದ ಅಂಟು ಬಿಡುತ್ತದೆ, ಫೋಮ್ ಗಟ್ಟಿಯಾಗುತ್ತದೆ. ಎರೆ ಮಣ್ಣು ಹತ್ತಿದ್ದರೆ ಹಸಿಯಾಗಿರುವಾಗ ಉಜ್ಜಬೇಡಿ, ಜಾಲಿಯೊಳಕ್ಕೆ ಇಳಿದುಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಎರಡೂ ಶೂ ಒಂದಕ್ಕೊಂದು ಬಡಿದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ, ಉಳಿದದ್ದಕ್ಕೆ ಹಳೆಯ ಟೂತ್ ಬ್ರಷ್ ಸಾಕು. ಒಂದು ಜೊತೆ ಒಣಗಲು ಒಂದೂವರೆ ದಿನವಾದರೂ ಬೇಕು, ಅದಕ್ಕೇ ಎರಡನೇ ಜೊತೆ ಇರಲಿ ಎಂದದ್ದು.

8. ಹೊರಗೆ ಹೋಗಲಾಗದ ದಿನ

ಕನಿಷ್ಠ 15 ನಿಮಿಷ. ನಿಂತಲ್ಲೇ ಓಟ ಎರಡು ನಿಮಿಷ, ಬಸ್ಕಿ 15, ಮೆಟ್ಟಿಲು ಹತ್ತಿಳಿಯುವುದು ಎರಡು ನಿಮಿಷ, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈ ನೇರವಾಗಿ ಹಿಡಿಯುವುದು) ಅರ್ಧ ನಿಮಿಷ, ಒಂದು ನಿಮಿಷ ವಿಶ್ರಾಂತಿ. ಎರಡು ಸುತ್ತು ಮಾಡಿ, ಉಳಿದ ಹೊತ್ತಿಗೆ ಸ್ಕಿಪ್ಪಿಂಗ್. ಎದ್ದೇಳುವ ಹೊತ್ತು ಮಾತ್ರ ಬದಲಾಗಬಾರದು. ಮೂರು ನಾಲ್ಕು ದಿನ ತಪ್ಪಿದರೆ ಮುಂಚಿನ ನಿಮಿಷಗಳ ಮುಕ್ಕಾಲಿಗೆ, ಹತ್ತು ದಿನ ಮೀರಿದರೆ ಅರ್ಧಕ್ಕೆ ಇಳಿಸಿ ಶುರು ಮಾಡಿ. ತಪ್ಪಿದ ದಿನಗಳ ಬಾಕಿಯನ್ನು ಭಾನುವಾರ ಒಂದೇ ಸಲ ತೀರಿಸಲು ಹೋಗಬೇಡಿ.

9. ಪೊಲೀಸ್ ಪರೀಕ್ಷೆಗೆ ತಯಾರಾಗುವವರಿಗೆ

ಕ್ರೀಡಾಂಗಣದಲ್ಲಿ ನಸುಕಿಗೆ ಸಿಗುವ ಹುಡುಗರಲ್ಲಿ ಬಹುಪಾಲು ಇವರೇ, ಮತ್ತು ವೇಗ ಇಳಿಸಿ ಎಂದರೆ ಇವರಿಗೆ ಕೋಪ. ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಅಂದರೆ 400 ಮೀಟರ್ ಲ್ಯಾಪಿಗೆ 97.5 ಸೆಕೆಂಡ್. ಇಬ್ಬನಿ ಬಿಂದು 21 ದಾಟಿದ ಬೆಳಗ್ಗೆ ಪೂರ್ತಿ 1600ರ ಟ್ರಯಲ್ ಕೊಟ್ಟರೆ ಸಮಯ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಆ ದಿನ ಸ್ಪೀಡ್ ವರ್ಕ್ ಬೇಡ ಎಂಬ ಮೇಲಿನ ನಿಯಮಕ್ಕೆ ಒಂದೇ ವಿನಾಯಿತಿ, ಅದೂ ಹವೆಗೆ ಒಗ್ಗಿದವರಿಗೆ, 23ರವರೆಗೆ ಮಾತ್ರ: 200 ಮೀಟರಿನ ಎಂಟು ತುಂಡು, ಒಂದೊಂದು 48 ಸೆಕೆಂಡಿನಲ್ಲಿ, ನಡುವೆ ಎರಡು ನಿಮಿಷ ನಡಿಗೆ. ಐದನೆಯದಕ್ಕೇ 51 ದಾಟಿದರೆ ಅಲ್ಲಿಗೇ ಮುಗಿಸಿ. ತೇವ ಇಳಿದ ದಿನ 400ರ ನಾಲ್ಕು ತುಂಡು, 95 ಸೆಕೆಂಡಿಗೊಂದರಂತೆ, ನಡುವೆ ಮೂರು ನಿಮಿಷ ಬಿಡುವು. ಪೂರ್ತಿ ಟ್ರಯಲ್ ಎರಡು ವಾರಕ್ಕೆ ಒಮ್ಮೆ ಸಾಕು, ಅದೂ ಮೈದಾನ ಒಣಗಿರುವ ಬೆಳಗ್ಗೆ. ಲ್ಯಾಪ್ ಸಮಯದ ಪಕ್ಕದಲ್ಲಿ ಆ ದಿನದ ಇಬ್ಬನಿ ಬಿಂದುವನ್ನೂ ಬರೆದಿಡಿ. ಇಲ್ಲದಿದ್ದರೆ ಏಪ್ರಿಲ್‌ನ 6:20ನ್ನು ಜೂನ್‌ನ 6:45ರ ಜೊತೆ ಹೋಲಿಸಿ ನೋಡಿ, ಇಳಿದದ್ದು ದಮ್ಮೋ ಏರಿದ್ದು ತೇವವೋ ತಿಳಿಯದೆ ತಲೆ ಕೆಡಿಸಿಕೊಳ್ಳುತ್ತೀರಿ.